ಕಾಕಾನ ಕೈಗೆ ಸಿಕ್ಕ ತಲೆ

ನಮ್ಮ ಕಾಕಾ ಹಾಲಿನ ಮೇಲೆ ಕೆನೆ ಕಟ್ಟಿದರೂ ಅದು ಎಲ್ಲಿಂದ ಬಂತೆಂದು ವಿಚಾರಿಸುವ ಮನುಷ್ಯ. ಉತ್ತರ ಒಪ್ಪಿಗೆಯಾಗದಿದ್ದರೆ ಚಹಾ ಮುಟ್ಟದೆ ಎದ್ದು ಹೋಗುತ್ತಾರೆ. ಹಾಗೆಂದು ಅವರೇನು ಪೊಲೀಸ್ ಇಲಾಖೆಯಲ್ಲಿದ್ದವರಲ್ಲ. ಬೈಲಹೊಂಗಲದಿಂದ ಮುನವಳ್ಳಿಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು ನಿವೃತ್ತರಾದವರು. ಮೀಸೆ ಚಿಗುರಿದ ಹುಡುಗನನ್ನು ತೊಡೆಯ ಮೇಲೆ ಕೂರಿಸಿಕೊಂಡು "ಇವಗ ಇನ್ನೂ ಐದು ತುಂಬಿಲ್ರಿ" ಎನ್ನುವ ತಾಯಂದಿರನ್ನು ನೋಡಿ ನೋಡಿ, ಯಾರು ಏನೇ ಹೇಳಲಿ, ಅವರ ಎಡಗಣ್ಣು ತಾನಾಗಿಯೇ ಸಣ್ಣದಾಗುತ್ತದೆ. ಅದು ಮತ್ತೆ ದೊಡ್ಡದಾಗಬೇಕಾದರೆ ಸಾಕ್ಷಿ ಬೇಕು.

ಇಂಥವರ ಕೈಗೆ ನಾನು ನನ್ನ ತಲೆ ಕೊಟ್ಟೆ!

ಸುಮ್ಮನೆ ಕೊಡಲಿಲ್ಲ, ಕೊಡುವ ಹಾಗಾಯಿತು. ನಾನು ಕಿತ್ತೂರಿನ ಒಂದು ಸಣ್ಣ ಖಾಸಗಿ ಶಾಲೆಯಲ್ಲಿ ಒಂದನೇ ತರಗತಿಯ ಮೇಡಮ್ಮು. ಆ ವರ್ಷ ಚಳಿಗಾಲದಲ್ಲಿ ಒಣಗಲು ಶುರುವಾದ ನೆತ್ತಿ ಬೇಸಿಗೆ ಬಂದರೂ ಸರಿಹೋಗಲಿಲ್ಲ. ತೌಡು ಉದುರಿದಂತೆ ಹೊಟ್ಟು ಉದುರುತ್ತಿತ್ತು. ಬಲಗೈಯಲ್ಲಿ ಸೀಮೆಸುಣ್ಣ ಹಿಡಿದು 'ಅ' ಬರೆಯುವಷ್ಟರಲ್ಲಿ ಎಡಗೈ ಜಡೆಯೊಳಗೆ ಹೊಕ್ಕಿರುತ್ತಿತ್ತು. ಮಕ್ಕಳು ಮನೆಗೆ ಹೋಗಿ ಏನು ವರದಿ ಕೊಟ್ಟವೋ, ತಾಯಂದಿರು ಮಾತ್ರ ಒಂದೇ ತೀರ್ಮಾನಕ್ಕೆ ಬಂದರು. ಮೇಡಮ್ಮಿನ ತಲೆಯಲ್ಲಿ ಹೇನಿವೆ.

ಒಬ್ಬಾಕೆ ಗೇಟಿನ ಹತ್ತಿರ ನನ್ನನ್ನು ತಡೆದು ಬಹಳ ಮರ್ಯಾದೆಯಿಂದ ಕೇಳಿದಳು. "ಮೇಡಮ್ ರೀ, ಸಿಟ್ಟಾಗಬ್ಯಾಡ್ರಿ. ನಮ್ಮ ಹುಡುಗಿನ್ನ ಹಿಂದಿನ ಬೆಂಚಿನ್ಯಾಗ ಕುಂಡ್ರಸ್ತೀರೇನ್ರಿ?"

ಹೆಡ್ ಮೇಡಮ್ಮು ಇನ್ನೂ ನೇರವಾಗಿ ಹೇಳಿದರು. "ಸೂಟಿ ಮುಗಿಯೂದ್ರಾಗ ಇದನ್ನ ಬಗೀಹರಸ್ಕೋರಿ. ಇಲ್ಲಂದ್ರ ಕೂದ್ಲರ ಸಣ್ಣಗ ಕತ್ತರಿಸ್ಕೊಂಡು ಬರ್ರಿ. ಪಾಲಕರಿಗೆ ನಾ ಏನ ಉತ್ತರ ಕೊಡ್ಲಿ?"

ಸೊಂಟದ ತನಕ ಇಳಿದಿದ್ದ ಜಡೆ ಅದು. ಕತ್ತರಿಸುವ ಮಾತು ಕೇಳಿ ನನಗೆ ಅಳುವೇ ಬಂತು. ಅಷ್ಟರಲ್ಲಾಗಲೇ ಅಂಗಡಿಯ ಶಾಂಪೂ ಎಲ್ಲ ಹಚ್ಚಿ ನೋಡಿಯಾಗಿತ್ತು. ಹೊಸದು ಹಚ್ಚಿದಷ್ಟೂ ತುರಿಕೆ ಹೆಚ್ಚುತ್ತಿತ್ತು. ಬೇಸಿಗೆ ಸೂಟಿ ಬಿದ್ದದ್ದೇ ತಡ ಬೈಲಹೊಂಗಲಕ್ಕೆ, ಅಪ್ಪನ ತಮ್ಮನಾದ ಈ ಕಾಕಾನ ಮನೆಗೆ ಹೋದೆ. ಬಾಗಿಲಲ್ಲೇ ಕಾಕಾ "ಪುಕ್ಕಟೆ ಪ್ರವಾಸ ಅಂತ ಟಿಕೆಟ್ ತಗೊಳ್ಳದ ಬಂದಿಲ್ಲ ಹೌದಲ್ಲವ್ವಾ?" ಎಂದು ಕೇಳಿ, ಹೆಣ್ಣುಮಕ್ಕಳ ಆ ಶೂನ್ಯ ಟಿಕೆಟ್ಟನ್ನು ನನ್ನ ಪರ್ಸಿನಿಂದ ತೆಗೆಸಿ ನೋಡಿದ ಮೇಲೆಯೇ ಒಳಗೆ ಬಿಟ್ಟರು.

ನನ್ನ ಕತೆ ಕೇಳಿ ಅವರು ಮೊದಲು ನನ್ನ ಶಾಂಪೂ ಬಾಟಲಿಯ ವಿಚಾರಣೆ ನಡೆಸಿದರು. ಮೂಸಿದರು. ಕಣ್ಣು ಸಣ್ಣದಾಯಿತು.

"ಮ್ಯಾಲ ಲಿಂಬಿಹಣ್ಣಿನ ಚಿತ್ರ ಐತಿ. ಒಳಗ ಲಿಂಬಿಹಣ್ಣ ಎಲ್ಲೈತಿ?"

ಬಾಟಲಿ ಅವತ್ತೇ ಮನೆಯಿಂದ ಹೊರಗೆ ಹೋಯಿತು. "ಇನ್ನ ಮ್ಯಾಲ ಎಲ್ಲಾ ಮನ್ಯಾಗ ತಯಾರ ಮಾಡೂದು. ನಾ ಹಚ್ಚತೇನಿ" ಎಂದರು.

ನಿಜ ಹೇಳಬೇಕೆಂದರೆ ನನಗೆ ಆಗಲೇ ಸಂಶಯ ಬಂದಿತ್ತು. ಟೋಪಿ ತೆಗೆದರೆ ಕಾಕಾನ ತಲೆಯ ಮೇಲೆ ಒಂದು ಎಳೆಯೂ ಇಲ್ಲ. ಕಾಕಿ ರೊಟ್ಟಿ ಬಡಿಯುತ್ತಲೇ ಅದನ್ನು ಹೇಳಿಬಿಟ್ಟರು. "ತಮ್ಮ ಹೊಲದಾಗಿನ ಬೆಳಿ ಉಳಿಸ್ಕೊಳ್ಳಾಕ ಆಗ್ಲಿಲ್ಲ, ಮಂದಿ ಹೊಲಕ್ಕ ಗೊಬ್ಬರಾ ಹಾಕಾಕ ಹೊಂಟಾರ ನೋಡು."

"ನಿನಗ ಏನ ಗೊತ್ತೈತಿ?" ಎಂದರು ಕಾಕಾ. "ಮುನವಳ್ಳಿ ಬಸ್ಸಿನ್ಯಾಗ ಹೆಣಮಕ್ಕಳು ಕೂದಲಾ ಬಿಟ್ಟು ಬ್ಯಾರೆ ಮಾತಾಡಿದ್ದ ನಾ ಕೇಳಿಲ್ಲ. ಎಲ್ಲಾ ನನ್ನ ತಲ್ಯಾಗ ಐತಿ."

ತಲೆಯ ಒಳಗಡೆ ಎಂದು ನಾನು ಅರ್ಥ ಮಾಡಿಕೊಂಡೆ.

ಮೊದಲಿಗೆ ಮೆಂತ್ಯ ಮತ್ತು ಮೊಸರು. ಮೆಂತ್ಯವನ್ನು ಕಾಕಾ ನೆನೆಸುವ ಮೊದಲು ತಟ್ಟೆಯಲ್ಲಿ ಹರವಿ ಪರೀಕ್ಷಿಸಿದರು. ಮೊಸರಿನದು ದೊಡ್ಡ ತಕರಾರು. ಪಾಕೀಟಿನ ಮೊಸರಿನ ಮೇಲೆ ಅವರಿಗೆ ನಂಬಿಕೆಯಿಲ್ಲ. ಓಣಿಯ ಎಮ್ಮೆಯ ಮೇಲೆ ಇದೆ, ಆದರೆ ಅದರ ಮಾಲೀಕನ ಮೇಲಿಲ್ಲ. ಕೊನೆಗೆ ಬಸ್ಸು ಹತ್ತಿ ನೇಸರಗಿಗೆ ಹೋದರು. ಅಲ್ಲಿ ಒಬ್ಬ ರೈತನಿದ್ದಾನಂತೆ. ಒಮ್ಮೆ ಗದ್ದಲದಲ್ಲಿ ಟಿಕೆಟ್ ಕೊಡಲು ಕಾಕಾ ಮರೆತಾಗ ತಾನೇ ಕರೆದು ದುಡ್ಡು ಕೊಟ್ಟಿದ್ದನಂತೆ. ಅಂಥವನ ಎಮ್ಮೆ ಸುಳ್ಳು ಹೇಳುವುದುಂಟೇ? ಆದರೆ ಆ ಸತ್ಯವಂತ ಮೊಸರು ಬಿಸಿಲಲ್ಲಿ ಬಸ್ಸಿನಲ್ಲಿ ಕುಲುಕಿಕೊಂಡು ಬರುವಷ್ಟರಲ್ಲಿ ಹುಳಿಯೆಂದರೆ ಹುಳಿಯಾಗಿತ್ತು. ಅದರಲ್ಲೇ ಮೆಂತ್ಯ ರುಬ್ಬಿ ಹಚ್ಚಿದರು. ಎರಡು ಸಲ ಎರೆದುಕೊಂಡರೂ ವಾಸನೆ ಹೋಗಲಿಲ್ಲ. ಮರುದಿನವೆಲ್ಲ ಪಕ್ಕದ ಮನೆಯ ಬೆಕ್ಕು ನನ್ನ ಹಿಂದೆಯೇ ತಿರುಗಿತು.

ಆಮೇಲೆ ಲೋಳಸರ. ಬೇರೆಯವರ ಹಿತ್ತಲಲ್ಲಿ ಅದಕ್ಕೆ ಗಟಾರದ ನೀರು ಹೋಗುತ್ತದೋ ಏನೋ ಎಂದು ಸಂಶಯಪಟ್ಟು ಸವದತ್ತಿಯಲ್ಲಿರುವ ಬೀಗರ ಮನೆಯ ಕುಂಡದಿಂದಲೇ ಕಿತ್ತು ತಂದರು. ಲೋಳೆ ಹಚ್ಚಿದಾಗ ತಂಪೆನಿಸಿತು. ಆಹಾ ಅಂದುಕೊಂಡೆ. ಒಣಗಿದ ಮೇಲೆ ನೋಡಿದರೆ ಕೂದಲೆಲ್ಲ ಕಟಕ್ ರೊಟ್ಟಿಯ ಹಾಗೆ ಗಟ್ಟಿಯಾಗಿ, ಬಾಚಣಿಕೆಯ ಹಲ್ಲು ಮುರಿಯಿತು. ಕಾಕಾ ಬಾಚಣಿಕೆಯನ್ನು ಬೆಳಕಿಗೆ ಹಿಡಿದು ನೋಡಿ "ಇದು ಡೂಪ್ಲಿಕೇಟ್ ಮಾಲು" ಎಂದರು.

ತುರಿಕೆ ಮಾತ್ರ ಇದ್ದಲ್ಲಿಯೇ ಇತ್ತು. ಸೂಟಿ ಕರಗುತ್ತಿತ್ತು. ನನಗೆ ಕನಸಿನಲ್ಲೂ ಹೆಡ್ ಮೇಡಮ್ಮಿನ ಕತ್ತರಿಯೇ ಕಾಣತೊಡಗಿತು.

"ಇನ್ನ ಸೀಗಿಕಾಯಿನ ಆಗಬೇಕು" ಎಂದು ತೀರ್ಮಾನಿಸಿದ ಕಾಕಾ ನನ್ನನ್ನೂ ಕರೆದುಕೊಂಡು ಬಜಾರಿಗೆ ಹೋದರು. ಬೇರು, ಕಾಯಿ, ಒಣಹೂವು ಮಾರುವ ಅಂಗಡಿಯ ಚಾಚಾ ಅವರಿಗೆ ಹಳೆಯ ಗೆಳೆಯ. ಗೆಳೆಯನಾದರೇನು, ಕಣ್ಣು ಸಣ್ಣದಾಗಲೇಬೇಕಲ್ಲ.

"ಇದು ಎಲ್ಲಿಂದ ಬಂತು?"

"ಕಾಡಿಂದ ಬಂದೈತ್ರಿ, ಕಂಡಕ್ಟರ್ ಸಾಹೇಬ್ರ."

"ಯಾವ ಕಾಡು?"

ಚಾಚಾ ತಕ್ಕಡಿ ಕೆಳಗಿಟ್ಟರು. "ಅದಕ್ಕ ಟಿಕೆಟ್ ಹರದಾವ ನಾ ಅಲ್ರಿ. ಅದನ್ನ ನೀವ ಕೇಳ್ರಿ."

ಕಾಕಾ ಕಾಯಿಯನ್ನು ನಿಜವಾಗಿಯೂ ಒಂದು ಗಳಿಗೆ ದಿಟ್ಟಿಸಿ ನೋಡಿದರು. ಪುಡಿ ಇತ್ತು, ಬೇಡವೆಂದರು. ಕಾಯಿಯನ್ನೇ ಕೊಂಡರು. ಮುಂದೆ ಅದನ್ನು ಪುಡಿ ಮಾಡಿಸುವುದೆಲ್ಲಿ? ಒಂದು ಗಿರಣಿಯಲ್ಲಿ ಹಿಂದಿನವರ ಜೋಳದ ಹಿಟ್ಟು ಉಳಿದಿರುತ್ತದೆ. ಇನ್ನೊಂದರಲ್ಲಿ ಕಡಲೆ ಹಿಟ್ಟು. ಮತ್ತೊಂದರ ಮಾಲೀಕ ಮಾತಾಡುವಾಗ ಬೇರೆ ಕಡೆ ನೋಡುತ್ತಾನೆ. ಊರಿನ ಗಿರಣಿಗಳೆಲ್ಲ ಹೀಗೆ ಅಪಾತ್ರವಾದ ಮೇಲೆ ಕಾಕಾ ಮನೆಗೆ ಬಂದು, ಹಿತ್ತಲಿನ ಕಲ್ಲಿನ ಒಳ್ಳಿನಲ್ಲಿ ತಾವೇ ಒನಕೆ ಹಿಡಿದು ಕುಟ್ಟಿದರು. ಕಾಕಿ ಆಗ ಹೊರಗೆ ಹೋಗಿದ್ದರು. ಕುಟ್ಟುತ್ತ ಕುಟ್ಟುತ್ತ ಕಾಕಾಗೆ ಸೀನು ಬಂತು. ನಿಲ್ಲದೆ ಬಂತು. ಕಣ್ಣಲ್ಲಿ ನೀರು, ಮುಖದಲ್ಲಿ ಮಾತ್ರ ಎಂದೂ ಇಲ್ಲದ ಆನಂದ.

"ನೋಡಿದಿ? ಸೀನು ಬಂತಂದ್ರ ಅಸಲಿ ಸೀಗಿಕಾಯಿ" ಎಂದರು. ಅವರ ಎರಡೂ ಕಣ್ಣು ದೊಡ್ಡದಾಗಿದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಅಷ್ಟೊಂದು ನಂಬಿಕೆ ಅವರಿಗೆ ಯಾವುದರ ಮೇಲೂ ಬಂದಿರಲಿಲ್ಲ. ನನಗಂತೂ ಅದನ್ನು ನೋಡಿಯೇ ಹೆದರಿಕೆಯಾಯಿತು.

ಹೆದರಿಕೆ ಸುಳ್ಳಾಗಲಿಲ್ಲ. ಕಲಸಿದ ಪುಡಿಯನ್ನು ನೆತ್ತಿಗೆ ತಿಕ್ಕಿ ಸ್ವಲ್ಪ ಹೊತ್ತಾಗುವಷ್ಟರಲ್ಲಿ ತಲೆಗೆ ಬೆಂಕಿ ಬಿದ್ದಂತಾಯಿತು. ಮೊದಲೇ ಕೆರೆದು ಕೆರೆದು ಕೆಂಪಾಗಿದ್ದ ನೆತ್ತಿ. ನಾನು ಬಚ್ಚಲಿಗೆ ಓಡಿದೆ, ಕಾಕಾ ತಂಬಿಗೆ ಹಿಡಿದು ಹಿಂದೆ ಓಡಿಬಂದರು. ನೀರು ಹಾಕಿದಷ್ಟೂ ಉರಿ ಕಿವಿಗೆ, ಕುತ್ತಿಗೆಗೆ ಇಳಿಯಿತು. ಅಷ್ಟರಲ್ಲಿ ಬಂದ ಕಾಕಿ ಒಳ್ಳನ್ನೂ ನನ್ನನ್ನೂ ನೋಡಿ ಅಲ್ಲಿಯೇ ನಿಂತರು.

"ಎಲ್ಲಿ ಕುಟ್ಟಿದ್ರಿ ಅದನ್ನ?"

"ನಮ್ಮ ಒಳ್ಳಾಗ."

"ಮುಂಜಾನೆ ನಾ ಅದರಾಗ ಖಾರ ಕುಟ್ಟೇನ್ರಿ. ಇನ್ನೂ ತೊಳದಿಲ್ಲ."

ಊರ ಗಿರಣಿಗಳನ್ನೆಲ್ಲ ಸಂಶಯದಿಂದ ನೋಡಿದ ಮನುಷ್ಯ ಸ್ವಂತ ಮನೆಯ ಒಳ್ಳಿನಲ್ಲಿ ಒಮ್ಮೆ ಇಣುಕಿ ನೋಡಿರಲಿಲ್ಲ! ಬೇರೆ ದಿನವಾಗಿದ್ದರೆ ಕಾಕಿ ಇದನ್ನು ವರ್ಷವಿಡೀ ಆಡಿ ತೋರಿಸುತ್ತಿದ್ದರು. ಅವತ್ತು ಗಡಿಗೆಯ ಮೊಸರನ್ನೆಲ್ಲ ನನ್ನ ತಲೆಗೆ ಸುರಿದರು.

ಸಂಜೆ ಕಾಕಾ ನನ್ನನ್ನು ಚರ್ಮದ ಡಾಕ್ಟರರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರರ ಮೇಲೆ ಅವರಿಗಿರುವ ಸಂಶಯ ಹೇಳತೀರದು. ಆದರೆ ಒಳಗೆ ಕುಳಿತಿರುವಷ್ಟು ಹೊತ್ತು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಡಾಕ್ಟರ್ ದೀಪ ಹಿಡಿದು ನೋಡಿ, ಹೇನೂ ಇಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವಂಥದ್ದೂ ಅಲ್ಲ, ಬೇಕಾದರೆ ಶಾಲೆಗೆ ಬರೆದುಕೊಡುತ್ತೇನೆ ಎಂದರು. ಮನೆಮದ್ದು ಎಲ್ಲ ನಿಲ್ಲಿಸಿ ಎಂದು ಹಚ್ಚುವ ಔಷಧ ಬರೆದರು. ಎದ್ದು ಹೊರಡುವಾಗ ಕಾಕಾ ಬಾಗಿಲಲ್ಲಿ ತಿರುಗಿ ನಿಂತರು.

"ಸಾಹೇಬ್ರ, ಹುಡುಗಿ ಕೂದ್ಲ ಉಳೀತಾವಲ್ರಿ?"

ಡಾಕ್ಟರ್ "ಉಳೀತಾವ್ರಿ, ಚಿಂತಿ ಮಾಡಬ್ಯಾಡ್ರಿ" ಎಂದರು. ಎಲ್ಲಿಂದ ಗೊತ್ತು, ಯಾರು ಹೇಳಿದರು ಎಂದು ಕಾಕಾ ಕೇಳಲಿಲ್ಲ. ತಲೆಯಾಡಿಸಿ ಹೊರಗೆ ಬಂದು, ಎದುರಿನ ಅಂಗಡಿಯಲ್ಲಿ ಔಷಧ ಕೊಂಡು ಕಟ್ಟೆಯ ಮೇಲೆ ಕುಳಿತರು. ನಾನೂ ಪಕ್ಕದಲ್ಲಿ ಕುಳಿತೆ.

ಅವರೇ ಮಾತು ತೆಗೆದರು. "ನೀ ನನ್ನ ಮ್ಯಾಲೂ ಸಂಶೆ ಪಡಬೇಕಾಗಿತ್ತವ್ವಾ."

"ಮೊದಲ್ನೇ ದಿನದಿಂದ ಪಟ್ಟೇನ್ರಿ ಕಾಕಾ."

ಅವರು ನನ್ನ ಕಡೆ ತಿರುಗಿದರು. "ಮತ್ಯಾಕ ಹಚ್ಚಿಸ್ಕೊಂಡಿ?"

ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಮುಂದೆ ಕೂರಿಸಿಕೊಂಡು ತಲೆಯ ಮೇಲೆ ಕೈಯಿಟ್ಟವರು ಯಾರೂ ಇರಲಿಲ್ಲ. ಕಾಕಾ ಬೈತಲೆ ತೆಗೆಯುವಾಗ ಎಲ್ಲಿ ನೋವಾಗುತ್ತದೋ ಎಂದು ಉಸಿರು ಹಿಡಿದಿರುತ್ತಿದ್ದರು. ಆ ಉಸಿರು ನನಗೆ ಕೇಳಿಸುತ್ತಿತ್ತು. ಅಷ್ಟು ಹೊತ್ತು ತುರಿಕೆ, ಶಾಲೆ, ತಾಯಂದಿರು ಎಲ್ಲ ಮರೆತುಹೋಗುತ್ತಿತ್ತು. ಮೊಸರು ಹುಳಿಯಾಗಿದ್ದರೆ ಆಗಲಿ, ನಾಳೆಯೂ ಹಚ್ಚಲಿ ಎಂದು ಆಸೆಯಾಗುತ್ತಿತ್ತು. ಇದನ್ನೆಲ್ಲ ಅವರ ಮುಖ ನೋಡಿಕೊಂಡು ಹೇಳಲು ನನ್ನಿಂದ ಆಗಲಿಲ್ಲ.

"ಹಂಗ ಸುಮ್ನರಿ" ಎಂದೆ.

ಕಾಕಾ ಔಷಧದ ಬಾಟಲಿಯನ್ನು ಕೈಯಲ್ಲಿ ಹಿಡಿದು ಕುಳಿತಿದ್ದರು. ಮೂಸಿರಲಿಲ್ಲ, ಚೀಟಿ ಓದಿರಲಿಲ್ಲ. "ಇದನ್ನ ಹಚ್ಚಾಕ ನಿಮ್ಮ ಕಾಕಿಗೆ ಹೇಳತೇನಿ" ಎಂದರು ಮೆಲ್ಲಗೆ.

"ಬ್ಯಾಡ್ರಿ" ಎಂದೆ. "ನೀವ ಹಚ್ರಿ."