ದೊಡ್ಡಪ್ಪನ ಪಟೇಲಿಕೆ

ಸುದ್ದಗುಂಟೆಪಾಳ್ಯದಲ್ಲಿ ಸಂವಿಧಾನ ನಡೆಯುವುದು ನಮ್ಮ ಕ್ರಾಸಿನ ತುದಿಯವರೆಗೆ ಮಾತ್ರ. ಅಲ್ಲಿಂದ ಮುಂದೆ ನಡೆಯುವುದು ನಮ್ಮ ದೊಡ್ಡಪ್ಪನ ಮಾತು! ಕ್ರಾಸಿನ ವಾಟ್ಸಾಪ್ ಗ್ರೂಪಿಗೆ ಅವರೇ ಅಡ್ಮಿನ್.

ಗುಡ್ ಮಾರ್ನಿಂಗ್ ಹಾಕಿದರೆ ಡಿಲೀಟ್. ರಾಜಕೀಯ ಡಿಲೀಟ್. ಒಬ್ಬರ ಹುಟ್ಟುಹಬ್ಬಕ್ಕೆ ಎರಡು ಕೇಕಿನ ಚಿತ್ರ ಬಂದರೆ ಸರಿ, ಮೂರನೆಯದು ಡಿಲೀಟ್. ಒಮ್ಮೆ ತರಕಾರಿಗೆ ಹೊರಟ ದೊಡ್ಡಮ್ಮ ದಾರಿಯಲ್ಲಿ ನೆನಪಾಗಿ, "ರೀ, ಮೋಟರ್ ಆಫ್ ಮಾಡಿ" ಎಂದು ಗ್ರೂಪಿನಲ್ಲೇ ಬರೆದರು. ಖಾಸಗಿ ವಿಷಯವೆಂದು ಅದೂ ಡಿಲೀಟ್. ಟ್ಯಾಂಕ್ ತುಂಬಿ ಉಕ್ಕಿದ ನೀರು ಮೆಟ್ಟಿಲಿಳಿದು ಬಾಡಿಗೆಯವರ ಮನೆ ಹೊಕ್ಕಿತು. ಅವರು ಫೋಟೊ ಹಾಕಿದರು. ನೀರು ಹಾಗೇ ಇತ್ತು, ಫೋಟೊ ಮಾಯವಾಯಿತು.

"ಮಾತಾಡೋ ಸ್ವಾತಂತ್ರ್ಯ ಬೇಡ್ವಾ ದೊಡ್ಡಪ್ಪ?" ಎಂದು ಕೇಳಿದೆ.

"ಬೇಡ ಅಂದೋರ್ಯಾರು? ರೋಡಲ್ಲಿ ನಿಂತು ಕೂಗ್ಲಿ. ನಮ್ಮ ಜಗಲಿಗೆ ಬಂದ್ರೆ ನಾನ್ ಹೇಳ್ದಂಗೆ ಕೂತ್ಕೋಬೇಕು."

ಇಡೀ ಕ್ರಾಸನ್ನು ಕರೆದು ಕೂರಿಸಿದ ಮೇಲೆ ಅದು ಯಾರ ಜಗಲಿ? ಇದನ್ನು ಕೇಳುವ ಧೈರ್ಯವಿದ್ದವರು ಕ್ರಾಸಿನ ಆ ತುದಿಯ ನಿವೃತ್ತ ಕನ್ನಡ ಮೇಷ್ಟ್ರು ಒಬ್ಬರೇ. ಇಲ್ಲೆಲ್ಲ ರಾಗಿ ಹೊಲವಿದ್ದ ಕಾಲದಿಂದ ದೊಡ್ಡಪ್ಪನ ಗೆಳೆಯರು. "ನಿನ್ನ ಪಟೇಲಿಕೆ ನಿಲ್ಲಿಸು" ಎಂದು ಗ್ರೂಪಿನಲ್ಲಿ ಬರೆದೇಬಿಟ್ಟರು.

"ನಮ್ಮ ತಾತ ಪಟೇಲ್ರ ಮುಂದೆ ಚಪ್ಪಲಿ ಕೈಲಿ ಹಿಡ್ಕೊಂಡು ನಿಂತೋನು. ನನ್ನ ಪಟೇಲ ಅಂತಾನಾ ಇವನು?" ದೊಡ್ಡಪ್ಪ ಕೆಂಡವಾದರು. ಆ ಒಂದು ಪದಕ್ಕೆ ಮೇಷ್ಟ್ರನ್ನೇ ಗ್ರೂಪಿನಿಂದ ತೆಗೆದುಹಾಕಿದರು. ಅಂದಿನಿಂದ ಮಾತಿಲ್ಲ. ಎಳನೀರಿನ ಗಾಡಿ ಹತ್ತಿರ ಎದುರಾದರೆ ಇಬ್ಬರೂ ಎಳನೀರಿನವನ ಮುಖವನ್ನೇ ನೋಡುತ್ತಿದ್ದರು.

ಮೇಷ್ಟ್ರು ಸುಮ್ಮನಿರುತ್ತಾರೆಯೇ? 'ಮುಕ್ತ ಕ್ರಾಸ್' ಎಂಬ ಹೊಸ ಗ್ರೂಪ್ ತೆರೆದರು. ಇಲ್ಲಿ ಏನನ್ನೂ ಅಳಿಸುವುದಿಲ್ಲ ಎಂಬುದೊಂದೇ ನಿಯಮ. ಅರ್ಧ ಕ್ರಾಸ್ ಓಡಿಹೋಗಿ ಸೇರಿತು. ಮೊದಲ ವಾರ ಸ್ವಾತಂತ್ರ್ಯ ಬಂತು. ಎರಡನೆಯ ವಾರ ಸೈಟಿನ ಜಾಹೀರಾತು, ಬೋಳುತಲೆಯ ಎಣ್ಣೆ, ವಶೀಕರಣದ ಪಂಡಿತ ಎಲ್ಲ ಬಂದವು. ಮೇಷ್ಟ್ರು ತತ್ವ ಬಿಡಲಿಲ್ಲ, ಕಾಗುಣಿತವನ್ನಷ್ಟೇ ತಿದ್ದಿದರು. "ವಶಿಕರಣ ಅಲ್ಲ, ವಶೀಕರಣ." ಜನ ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. ಕೊನೆಗೆ ಪಂಡಿತನೂ ಹೋದ! ಉಳಿದದ್ದು ಮೇಷ್ಟ್ರು, ಮತ್ತೆ ಮ್ಯೂಟ್ ಮಾಡಿ ಮರೆತಿದ್ದ ನಾನು. ಆ ಖಾಲಿ ಗ್ರೂಪಿನಲ್ಲಿ ಅವರು ದಿನಾ ಬೆಳಿಗ್ಗೆ ದೊಡ್ಡಪ್ಪನನ್ನು ಬೈದು ಒಂದು ಪ್ಯಾರಾ ಬರೆಯುತ್ತಿದ್ದರು. ಒಂದು ಅಲ್ಪವಿರಾಮವೂ ತಪ್ಪುತ್ತಿರಲಿಲ್ಲ.

ಇದು ಗೊತ್ತಾದ ಮೇಲೆ ದೊಡ್ಡಪ್ಪ ದಿನಾ ನಮ್ಮನೆ ಕಾಫಿಗೆ ಹಾಜರು. "ನಿನ್ನ ಫೋನ್ ಕೊಡು, ಟೈಮ್ ನೋಡ್ಬೇಕು." ಎದುರು ಗೋಡೆಯಲ್ಲಿ ಗಡಿಯಾರವಿದೆ. ಓದಿ ಮುಗಿಸಿ, "ಸರ್ವಾಧಿಕಾರಿ ಅಂತೆ ನಾನು. ಲೋಫರ್ ನನ್ಮಗ" ಎಂದು ತೃಪ್ತಿಯಿಂದ ಮನೆಗೆ ಹೋಗುತ್ತಿದ್ದರು.

ಮೊನ್ನೆ ಫೋನ್ ಹಿಡಿದು ಕೂತವರು ಕಾಫಿ ಮುಟ್ಟಲಿಲ್ಲ.

"ಗುರುವಾರದಿಂದ ಬೈದಿಲ್ಲ" ಎಂದರು.

ಎದ್ದು ಬರಿಗಾಲಲ್ಲೇ ಹೊರಟರು. ನಾನು ಹಿಂದೆ ಓಡಿದೆ. ಮೇಷ್ಟ್ರ ಮಗಳು ಬಾಗಿಲು ತೆಗೆದಳು. ಮೇಷ್ಟ್ರು ಜ್ವರದಲ್ಲಿ ಮಲಗಿದ್ದರು. ದೊಡ್ಡಪ್ಪ ಮಂಚದ ಅಂಚಿನಲ್ಲಿ ಕೂತು ಅವರ ಹಣೆ ಮುಟ್ಟಿ ನೋಡಿದರು.

"ಯಾಕೋ, ಬರೆಯೋದು ನಿಲ್ಲಿಸ್ಬಿಟ್ಟೆ?"

"ಯಾರ್ ಓದ್ತಾರೆ ಬಿಡೋ" ಎಂದರು ಮೇಷ್ಟ್ರು ಕಣ್ಣು ಮುಚ್ಚಿಕೊಂಡೇ.

"ನಾನ್ ಓದ್ತಿದ್ನಲ್ಲೋ, ದಿನಾ" ಎಂದರು ದೊಡ್ಡಪ್ಪ.