ಉಷ್ಣ ಆಗಿದೆ ಡಾಕ್ಟ್ರೇ!

ನಾನು ಕಾಪುವಿನಲ್ಲಿ ಕ್ಲಿನಿಕ್ ತೆರೆದ ಎಪ್ಪತ್ತರ ದಶಕದಲ್ಲಿ ರೋಗಿಗಳು ಕಾಯಿಲೆಗೆ ತಾವೇ ಹೆಸರಿಟ್ಟುಕೊಂಡು ಬರುತ್ತಿದ್ದರು. ಮೂತ್ರ ಉರಿದರೆ ಉಷ್ಣ, ಕಟ್ಟಿದರೆ ಉಷ್ಣ, ಪದೇ ಪದೇ ಓಡಬೇಕಾದರೂ ಉಷ್ಣ. ಬೊಂಡದ ಎಳನೀರು ಕುಡಿದು ಗುಣವಾಗದಿದ್ದರೆ ಮಾತ್ರ ನನ್ನ ಸರದಿ. ನಿಜವಾಗಿ ಮೂತ್ರಕೋಶದ ಸೋಂಕು ಇದ್ದವರು ಗುಳಿಗೆ ನುಂಗಿ ಮನೆಗೆ ಹೋದರು. ಇಲ್ಲದವರನ್ನು ಮಾತ್ರ ನಾನು ಇಂದಿಗೂ ಮರೆತಿಲ್ಲ!

ಇರುವೆ ಸಾಲು

ಕಟಪಾಡಿಯಲ್ಲಿ ಶರಬತ್ತಿನ ಅಂಗಡಿ ಇಟ್ಟವರೊಬ್ಬರು ಬಂದರು.

"ಗಳಿಗೆಗೊಮ್ಮೆ ಓಡಬೇಕು ಡಾಕ್ಟ್ರೇ, ಬಾಯಿ ಒಣಗುತ್ತದೆ. ಉಷ್ಣ ಅಲ್ವಾ ಅಂತ ನಮ್ಮದೇ ಪುನರ್ಪುಳಿ ಶರಬತ್ತು ಕುಡಿಯುತ್ತಿದ್ದೇನೆ. ಕುಡಿದಷ್ಟೂ ಜಾಸ್ತಿ!"

ಮೂತ್ರಕ್ಕೆ ನೀಲಿ ದ್ರಾವಣ ಹಾಕಿ ಕಾಯಿಸಿದೆ. ಇಟ್ಟಿಗೆಯ ಕೆಂಪು! ಇದು ಸಕ್ಕರೆ ಕಾಯಿಲೆ ಎಂದೆ. ಅವರು ಹಣೆ ಚಚ್ಚಿಕೊಂಡರು.

"ಬಚ್ಚಲಿನಲ್ಲಿ ಇರುವೆ ಸಾಲು ಕಂಡು, ಬೆಲ್ಲ ಚೆಲ್ಲಿದ್ದೀಯಾ ಅಂತ ಹೆಂಡತಿಗೆ ಬೈದೆ ಮಾರಾಯ್ರೇ! ಇರುವೆಗಳಿಗೆ ನಿಮಗಿಂತ ಮೊದಲೇ ಗೊತ್ತಿತ್ತು!"

ಕಾರ್ಕಳದ ಕಲ್ಲು

ಕಾರ್ಕಳದ ಶಿಲ್ಪಿಯೊಬ್ಬರು ಸೊಂಟ ಹಿಡಿದುಕೊಂಡು ಬಂದರು. ಬಿಸಿಲಿನಲ್ಲಿ ಕೆತ್ತಿ ಕೆತ್ತಿ ಉಷ್ಣವಂತೆ, ಮೂತ್ರ ಹೊಯ್ಯುವಾಗ ಜೀವ ಹೋಗುತ್ತದಂತೆ.

"ಒಳಗೆ ಕಲ್ಲು ಇರಬೇಕು," ಎಂದೆ.

"ಕಲ್ಲಾ? ನಾನು ಕೆತ್ತುವುದು ಡಾಕ್ಟ್ರೇ, ತಿನ್ನುವುದಲ್ಲ!"

ವಾರ ಕಳೆದು ನಗುನಗುತ್ತಾ ಬಂದು, ಹೊರಬಿದ್ದ ಕಲ್ಲನ್ನು ಕಾಗದದ ಪೊಟ್ಟಣದಿಂದ ಬಿಚ್ಚಿ ತೋರಿಸಿದರು. ಉಗುರಿನಿಂದ ಕೆರೆದು ಮುಖ ಸಿಂಡರಿಸಿದರು.

"ಇದು ನಮ್ಮ ಕಾರ್ಕಳದ್ದಲ್ಲ. ಪುಡಿಯಾಗುತ್ತದೆ. ಯಾವ ಕೆಲಸಕ್ಕೂ ಬಾರದು!"

ಬೋಳಾದ ತೆಂಗು

ಕ್ಲಿನಿಕ್ಕಿನ ಹಿಂದಿನ ಮನೆಯ ಸೊಸೆಗೆ ಮದುವೆಯಾಗಿ ಹತ್ತು ವರ್ಷವಾದರೂ ಮಕ್ಕಳಿರಲಿಲ್ಲ. ಹೇಳಿಕೊಳ್ಳದ ಹರಕೆಯಿಲ್ಲ. ಕೊನೆಗೆ ಆ ಮನೆಯಲ್ಲಿ ಮಗುವಿನ ಮಾತೆತ್ತುವುದನ್ನೇ ಬಿಟ್ಟಿದ್ದರು. ಒಂದು ದಿನ ಅತ್ತೆ ಅವಳನ್ನು ಕರೆತಂದರು.

"ಇವಳಿಗೆ ಉಷ್ಣ ಏರಿದೆ. ಆಗಾಗ ಹಿತ್ತಲಿಗೆ ಓಡುತ್ತಾಳೆ. ಬೊಂಡ ಕೊಯ್ದು ಕೊಯ್ದು ನಮ್ಮ ತೆಂಗು ಬೋಳಾಯಿತು, ಉಷ್ಣ ಇಳಿಯುವುದಿಲ್ಲ. ಈಗ ಕುಡಿದದ್ದೂ ವಾಂತಿ!"

ವಾಂತಿ! ನನ್ನ ಕಿವಿ ನೆಟ್ಟಗಾಯಿತು. ಮುಟ್ಟು ಯಾವಾಗ ಆದದ್ದೆಂದು ಸೊಸೆಯನ್ನು ಕೇಳಿದೆ.

"ಅದು ಯಾವಾಗಲೂ ಹಿಂದೆ ಮುಂದೆ. ಸುಮ್ಮನೆ ಆಸೆ ಹುಟ್ಟಿಸಬೇಡಿ ಡಾಕ್ಟ್ರೇ, ಉಷ್ಣಕ್ಕೆ ಮದ್ದು ಕೊಡಿ ಸಾಕು," ಎಂದಳು. ಅವಳ ಕಣ್ಣು ತುಂಬಿತ್ತು.

ನಾನು ಮದ್ದು ಕೊಡಲಿಲ್ಲ. ಮೂತ್ರವನ್ನು ಪರೀಕ್ಷೆಗೆ ಮಣಿಪಾಲಕ್ಕೆ ಕಳಿಸಿದೆ. ಉತ್ತರ ಬಂದದ್ದೇ ತಡ, ಕಾದಿದ್ದ ರೋಗಿಗಳನ್ನೆಲ್ಲ ಬಿಟ್ಟು, ಹಿಂದಿನ ಬೇಲಿ ಹಾರಿ ಓಡಿದೆ.

"ಬಸುರಿ! ನಿಮ್ಮ ಸೊಸೆ ಬಸುರಿ!"

ಸೊಸೆ ಅಂಗಳದಲ್ಲೇ ಕುಸಿದು ಕುಳಿತು ಅಳುತ್ತಾ ನಕ್ಕಳು. ಅತ್ತೆ ಮಾತ್ರ ನನ್ನನ್ನು ದುರುಗುಟ್ಟಿ ನೋಡಿ, "ಹಾಗಾದರೆ ಉಷ್ಣ ಅಲ್ವಾ?" ಎಂದರು.

ಹೆಣ್ಣು ಮಗು ಹುಟ್ಟಿತು. ನಾಮಕರಣಕ್ಕೆ ಹೋದಾಗ, ಹೆಸರು ಎಂತ ಎಂದು ಕೇಳಿದೆ. ಅಜ್ಜಿ ಮೊಮ್ಮಗಳನ್ನು ನನ್ನ ಮಡಿಲಿಗೆ ಹಾಕಿದರು.

"ಉಷಾ. ನಾನು ಹೇಳಿದ್ದು ಅಂಥ ತಪ್ಪೇನಲ್ಲ ಡಾಕ್ಟ್ರೇ, ಒಂದು ಒತ್ತು ಹೆಚ್ಚಾಗಿತ್ತು, ಅಷ್ಟೇ!"