ಸಂದರ್ಶನಕ್ಕೊಂದು ಟೈ

ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುವಾಗ ಗೇರು, ಪಂಪುಗಳನ್ನೆಲ್ಲ ಬಿಚ್ಚಿ ಜೋಡಿಸಿದ್ದವನಿಗೆ ಟೈ ಕಟ್ಟಲು ಬರುತ್ತಿರಲಿಲ್ಲ. ಎಡವಟ್ಟು ಶುರುವಾದದ್ದೇ ಅಲ್ಲಿಂದ. ಪಾಸಾಗಿ ಎರಡು ವರ್ಷದಿಂದ ಮನೆಯಲ್ಲೇ ಕೂತಿದ್ದ. ಬೀದಿಯವರೆಲ್ಲ ‘ಎಂಜಿನಿಯರ್ ಸಾಹೇಬ್ರು’ ಎನ್ನುತ್ತಿದ್ದರು; ಅದು ಮರ್ಯಾದೆಯೋ ಗೇಲಿಯೋ ಅವನಿಗೆ ಇನ್ನೂ ತಿಳಿದಿರಲಿಲ್ಲ. ಈ ಸಲವೂ ಕೆಲಸ ಸಿಗದಿದ್ದರೆ ಸೋದರಮಾವನ ಸಿಮೆಂಟ್ ಅಂಗಡಿಯೇ ಗತಿ ಎಂದು ಅಪ್ಪ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು.

ಸಂದರ್ಶನ ಅವನು ಓದಿದ ಕಾಲೇಜಿನಲ್ಲೇ. ಅಮ್ಮನ ಬಾಯಲ್ಲಿ ಸುದ್ದಿ ನಿಲ್ಲಲಿಲ್ಲವಾಗಿ, ಬೆಳಗಾಗುತ್ತಲೇ ಕೆಳಮನೆಯ ದರ್ಜಿ ಬಂದು ಟೈ ಬಿಗಿದ. ಸಡಿಲವಾಯಿತೆಂದು ಎದುರುಮನೆಯ ನಿವೃತ್ತ ಮೇಷ್ಟ್ರು ಇನ್ನೊಂದು ಸಲ ಜಗ್ಗಿದರು. ಆಮೇಲೆ ಗಂಟು ಸರ್ಕಾರಿ ಕಡತದ ಹಾಗೆ ಇದ್ದಲ್ಲಿಂದ ಕದಲಲಿಲ್ಲ. ಕತ್ತರಿಸೋಣವೆಂದರೆ ಟೈ ಮೇಷ್ಟ್ರ ಅಳಿಯನದು.

“ಇರ್ಲಿ ಬಿಡೋ, ಬಿಗಿಯಾಗಿದ್ರೆ ಶಿಸ್ತು ಕಾಣುತ್ತೆ” ಎಂದರು ಮೇಷ್ಟ್ರು.

ಸಂದರ್ಶನದ ಕೋಣೆ ಹೊಕ್ಕಾಗ ಮುಖ ಕೆಂಪಾಗಿತ್ತು, ದನಿ ಗಂಟಲಲ್ಲೇ ಉಳಿದಿತ್ತು. ಮೇಜಿನಾಚೆ ಕೋಟು ತೊಟ್ಟ ತರುಣನೊಬ್ಬನೇ ಇದ್ದ. ಅವನು ಬಾಯ್ಲರ್ ಬಗ್ಗೆ ಕೇಳಿದರೂ ಟರ್ಬೈನ್ ಬಗ್ಗೆ ಕೇಳಿದರೂ ಇವನು ಕಣ್ಣರಳಿಸಿ ತಲೆಯಾಡಿಸಿದ, ಮಾತು ಹೊರಟರೆ ತಾನೆ? ಕಾಲೇಜಿನ ತಪಾಸಣೆಗೆ ಬಂದಿದ್ದ ದೊಡ್ಡ ಮನುಷ್ಯರು ಬಾಗಿಲಲ್ಲಿ ನಿಂತು ನೋಡಿ, ಮೆಚ್ಚಿಕೊಂಡು ಮುಂದೆ ಹೋದರು. ಅವರು ಮರೆಯಾದದ್ದೇ ತಡ, ತರುಣ ಎದ್ದು ಇವನ ಕೈ ಕುಲುಕಿದ.

“ಎಂಥಾ ಗತ್ತು ರೀ ನಿಮ್ದು. ಕೆಲಸ ನಿಮ್ಗೇ.”

ಇವನಿಗೆ ಕಣ್ಣು ತುಂಬಿ ಬಂತು. ಅಲ್ಲಿಂದಲೇ ಅಮ್ಮನಿಗೆ ಫೋನು ಹಚ್ಚಿದ. ಹೊರಟದ್ದು ಅರ್ಧ ಮಾತಾದರೂ ಅವಳಿಗೆ ಅರ್ಥವಾಯಿತು, ಬೀದಿಗೂ ಕೇಳಿಸಿತು. ಆಮೇಲೆ, ಮಾಡಬೇಕಾದ ಕೆಲಸ ಯಾವುದೆಂದು ಪಿಸುದನಿಯಲ್ಲಿ ವಿಚಾರಿಸಿದ.

“ಇದೇ. ನನ್ನ ಈ ಕುರ್ಚೀಲಿ ಕೂತು ಪ್ರಶ್ನೆ ಕೇಳೋದು” ಎಂದ ತರುಣ. “ಕಂಪನಿ ಗಿಂಪನಿ ಏನಿಲ್ಲ. ತಪಾಸಣೆಯವರು ಬಂದ ದಿನ ಕಾಲೇಜಲ್ಲಿ ಸಂದರ್ಶನ ನಡೀತಿರೋ ಹಾಗೆ ಕಾಣ್ಬೇಕು. ಕಾಲೇಜಿನೋರೇ ಕರೆಸ್ತಾರೆ. ತಿಂಗಳಿಗೊಂದು ದಿನ ಸಿಕ್ಕರೆ ಪುಣ್ಯ.”

ಹಾಗಾದರೆ ನೀವು ಯಾರು ಎಂದು ಇವನು ಕೇಳಿದ.

“ನಿಮ್ಗಿಂತ ಒಂದು ವರ್ಷ ಮುಂಚೆ ಇಲ್ಲೇ ಪಾಸಾದೋನು. ತಪಾಸಣೆಯವರಿಗೆ ನನ್ನ ಮುಖ ಪರಿಚಯ ಆಗ್ತಾ ಬಂದಿದೆ, ಇವತ್ತಿಗೆ ಮುಗೀತು.”

ತರುಣ ಬಾಗಿಲ ಕಡೆಗೊಮ್ಮೆ ನೋಡಿ, ಕುರ್ಚಿಯನ್ನು ಹತ್ತಿರ ಎಳೆದುಕೊಂಡ.

“ನಿಮಗೆ ಗೊತ್ತಿರೋ ಕಡೆ ಎಲ್ಲಾದ್ರೂ ಕೆಲಸ ಇದ್ರೆ ಹೇಳ್ತೀರಾ ಸಾರ್?”